ನಳಿಗೆಯೊಳಗಿನ ಭಂಡಾರ

ಸೋಮವಾರ ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಕಾಡಸಿದ್ದ ಅಂಕಲಿ ಊರಿನ ತನ್ನ ಮನೆಯ ಪಡಸಾಲೆಯಲ್ಲಿ ಕೂತು ಹಳೆಯ ಧೋತರವನ್ನು ಕತ್ತರಿಸುತ್ತಿದ್ದ. ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲ. ಫೌಜಿನಲ್ಲಿ ರೈಫಲ್ ಒರೆಸುವ ಚಿಂದಿಗೆ ಇದೇ ಅಳತೆ. ಹನ್ನೆರಡು ಬೋರಿನ ಬಂದೂಕಿನ ನಳಿಗೆ ರೈಫಲ್ಲಿನದರ ಎರಡು ಪಟ್ಟಿಗಿಂತ ಹೆಚ್ಚು ಅಗಲ, ಇಷ್ಟು ಸಣ್ಣ ಚಿಂದಿ ಅದರೊಳಗೆ ಸಡಿಲವಾಗಿ ಜಾರಿಬಿಡುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಹದಿನೇಳು ವರ್ಷ ಅದೇ ಅಳತೆಗೆ ಕತ್ತರಿಸಿದ ಕೈ ಬೇರೆಯದಕ್ಕೆ ಒಪ್ಪಲಿಲ್ಲ. ಮೂರು ಮೂರು ಸೇರಿಸಿ ಸುತ್ತಿದರಾಯಿತು ಎಂದುಕೊಂಡ.

ಎದುರಿಗೆ ಗೋಣಿತಟ್ಟು. ಅದರ ಮೇಲೆ ಒಂದು ಲೀಟರ್ ಡೀಸೆಲ್, ಹಳೆಯ ವರ್ತಮಾನಪತ್ರಿಕೆ, ಗೌಂಡಿಯ ಅಳತೆಪಟ್ಟಿಯಷ್ಟು ನೇರವಾದ ಬಿದಿರಿನ ಕೋಲು, ಹೊಲಿಗೆ ಯಂತ್ರದ ಎಣ್ಣೆಯ ಬಾಟಲಿ. ಇಂಥ ಕೆಲಸಕ್ಕೆ ಚಿಮಣಿ ಎಣ್ಣೆ ಒಳ್ಳೆಯದು. ಆದರೆ ರೇಷನ್ನಿನಲ್ಲಿ ಅದು ಬರುವುದು ನಿಂತು ವರ್ಷಗಳಾಗಿದ್ದವು. ಡೀಸೆಲ್ಲನ್ನು ಪಕ್ಕದ ಮನೆಯ ಟ್ರ್ಯಾಕ್ಟರಿನಿಂದ ಕೇಳಿ ತಂದಿದ್ದ.

ಬಂದೂಕು ಹೊಚ್ಚ ಹೊಸದು. ಲೈಸೆನ್ಸು ಕೈಗೆ ಬರಲು ಹದಿನಾಲ್ಕು ತಿಂಗಳು ಹಿಡಿದಿತ್ತು. ಶನಿವಾರ ಬೆಳಗಾವಿಯ ಅಂಗಡಿಯಿಂದ ತಂದು, ಠಾಣೆಯಲ್ಲಿ ನಂಬರು ಬರೆಸಿ, ಬಿಚ್ಚಿದ ಭಾಗಗಳನ್ನು ಅವು ಬಂದ ಕಂದು ಕಾಗದದಲ್ಲೇ ಬಿಟ್ಟಿದ್ದ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದರೂ ಜಂಗು, ಅಂದರೆ ತುಕ್ಕು, ಹಿಡಿಯದಿರಲೆಂದು ಕಾರ್ಖಾನೆಯವರು ಒಳಗೂ ಹೊರಗೂ ದಪ್ಪ ಗ್ರೀಸು ಬಳಿದಿರುತ್ತಾರೆ. ಮೊದಲ ಗುಂಡು ಹಾರಿಸುವ ಮುನ್ನ ಅದನ್ನು ಪೂರ್ತಿ ತೆಗೆಯಬೇಕು. ತೆಗೆಯದಿದ್ದರೆ ಥಂಡಿಯಲ್ಲಿ ಗ್ರೀಸು ಗಟ್ಟಿಯಾಗಿ ಕಾಡತೂಸಿಗೆ ಹೊಡೆಯುವ ಮೊಳೆ ಅರ್ಧಕ್ಕೇ ನಿಲ್ಲುತ್ತದೆ. ನಳಿಗೆಯಲ್ಲಿ ಗಡ್ಡೆ ಉಳಿದಿದ್ದರೆ ಅದರ ಹಿಂದೆ ಒತ್ತಡ ಏರಿ ನಳಿಗೆಯೇ ಉಬ್ಬಬಹುದು. ಹೆಂಡತಿ ಕೋಮಲ ಇದೆಲ್ಲ ಯಾಕೆ ಎಂದು ಕೇಳಿದಾಗ ಅವನು ಇಷ್ಟನ್ನೂ ಹೇಳಲು ಹೋಗಿರಲಿಲ್ಲ. "ಹುಟ್ಟಿದ ಕೂಸಿಗೆ ಎರೀತಾರಲ್ಲ, ಹಂಗ" ಎಂದಿದ್ದ.

ಆ ದಿನ ಹನ್ನೊಂದು ಗಂಟೆಗೆ ಚಿಕ್ಕೋಡಿಯಲ್ಲಿ ಒಂದು ಬ್ಯಾಂಕಿನ ಶಾಖೆಗೆ ಅವನು ಬಂದೂಕು ಸಮೇತ ಹೋಗಬೇಕಿತ್ತು. ಕಾವಲುಗಾರನ ಕೆಲಸ, ಒಂದೇ ಜಾಗ ಖಾಲಿ. ಸ್ವಂತ ಬಂದೂಕು, ಸ್ವಂತ ಲೈಸೆನ್ಸು ಇರಬೇಕು, ಸೇರುವ ದಿನ ವಯಸ್ಸು ನಲವತ್ತೈದು ತುಂಬಿರಬಾರದು ಎಂಬುದು ನಿಯಮ. ಕಾಡಸಿದ್ದನಿಗೆ ಜನವರಿ ಎರಡಕ್ಕೆ ನಲವತ್ತೈದು ತುಂಬುತ್ತಿತ್ತು. ಅಂದು ಡಿಸೆಂಬರ್ ಹನ್ನೊಂದು. ಈ ಸಲ ತಪ್ಪಿದರೆ ಇನ್ನೊಂದು ಸಲ ಎಂಬುದು ಇರಲಿಲ್ಲ.

ಫೌಜಿನಲ್ಲಿ ಅವನ ಹದಿನೇಳು ವರ್ಷವೂ ಕೋತಿನಲ್ಲೇ ಕಳೆದಿತ್ತು. ಕೋತ್ ಎಂದರೆ ಪಲ್ಟನ್ನಿನ ಶಸ್ತ್ರಗಳನ್ನು ಇಡುವ ಕೋಣೆ. ಬೆಳಿಗ್ಗೆ ಎಣಿಸಿ ಕೊಡುವುದು, ಸಂಜೆ ಎಣಿಸಿ ತೆಗೆದುಕೊಳ್ಳುವುದು, ಕೊಳೆ ಕಂಡರೆ ಕೊಟ್ಟವನ ಕೈಗೇ ವಾಪಸು ಹಾಕುವುದು. ನಾಯಕ್ ಆಗಿ ನಿವೃತ್ತನಾಗಿ ಊರಿಗೆ ಬಂದಾಗ ಅಪ್ಪನ ಕುರಿಹಿಂಡು ತಮ್ಮ ಮಾಳುವಿನ ಪಾಲಿಗೆ ಹೋಗಿತ್ತು. ಕಾಡಸಿದ್ದನೇ ಅದನ್ನು ಬೇಡವೆಂದಿದ್ದ. ಆಮೇಲೆ ಅಥಣಿ, ಕಾಗವಾಡ, ರಾಯಬಾಗ ಕಡೆಯ ಸಕ್ಕರೆ ಕಾರ್ಖಾನೆಗಳ ಗೇಟಿನಲ್ಲಿ ಹಂಗಾಮಿಗೊಂದರಂತೆ ಕಾವಲು. ಕಾರ್ಖಾನೆಯ ಹೆಸರು ಬದಲಾಗುತ್ತಿತ್ತು, ಕೈಯಲ್ಲಿನ ಲಾಠಿ ಅದೇ ಇರುತ್ತಿತ್ತು. ಕಬ್ಬು ಮುಗಿದರೆ ಕೆಲಸವೂ ಮುಗಿಯುತ್ತಿತ್ತು. ವರ್ಷವಿಡೀ ಒಂದೇ ಬಾಗಿಲು ಕಾಯುವ ಕೆಲಸ ಸಿಕ್ಕರೆ ಸಾಕೆಂದು ಅವನು ಏಳು ವರ್ಷದಿಂದ ನೋಡುತ್ತಿದ್ದ.

ಚಿಂದಿ ಕತ್ತರಿಸಿ ಮುಗಿಸಿ ಅವನು ತಾಯಿ ಸಾವಿತ್ರೆವ್ವನನ್ನು ಕೀಲಿಕೈ ಕೇಳಿದ. ಮನೆಯಲ್ಲಿ ಗಟ್ಟಿ ಕೀಲಿ ಇದ್ದ ಟ್ರಂಕು ಅವಳದೊಂದೇ. ಬಂದೂಕು ಅದರಲ್ಲೇ ಇತ್ತು. ಎಪ್ಪತ್ತನಾಲ್ಕರ ಮುದುಕಿ ಆಗಲೇ ಮೈ ತೊಳೆದುಕೊಂಡು ಹಣೆಗೆ ಭಂಡಾರ ಹಚ್ಚಿಕೊಂಡಿದ್ದಳು. ಸೊಂಟದಿಂದ ಕೀಲಿಕೈ ಬಿಚ್ಚಿ ಕೊಟ್ಟಳು. ಮುಖದಲ್ಲಿ ಏನೋ ದೊಡ್ಡ ಕೆಲಸ ಮಾಡಿ ಮುಗಿಸಿದ ಸಮಾಧಾನ.

ಕಾಡಸಿದ್ದ ಟ್ರಂಕು ತೆಗೆದ. ಕಂದು ಕಾಗದ ಬಿಚ್ಚಿತ್ತು. ಕರಿ ನಳಿಗೆ ಹಳದಿಯಾಗಿತ್ತು. ಬೀರದೇವರಿಗೆ ಎರಚುವ ಅರಿಷಿಣ ಪುಡಿ, ಅಂದರೆ ಭಂಡಾರ, ಗ್ರೀಸಿಗೆ ಅಂಟಿ ಉದ್ದಕ್ಕೂ ಕೂತಿತ್ತು. ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಆ ಕಡೆಯ ಬೆಳಕು ಕಾಣಲಿಲ್ಲ.

"ಯವ್ವಾ, ಏನ ಮಾಡೀದಿ ಬೇ?"

"ಪೂಜಿ ಮಾಡೇನಿ. ಐದಕ್ಕ ಎದ್ದ ಮಾಡೇನಿ. ಹೊಸಾ ವಸ್ತು ಮನಿಗೆ ಬಂದೈತಿ, ಅದನ್ನ ಬರೇ ಹೊಟ್ಟೀಲೆ ಹೊರಗ ಕಳಸ್ತಾರೇನು?"

"ಒಳಗ ಯಾಕ ಹಾಕೀದಿ?"

"ಒಳಗ ಪೊಳ್ಳ ಐತಿಲ್ಲ? ಪೊಳ್ಳ ಇದ್ದದ್ದಕ್ಕೆಲ್ಲಾ ಒಳಗ ಒಂದ ಮುಟಗಿ ಹಾಕೂದ ನಮ್ಮ ಮನಿತನದ ಪದ್ಧತಿ. ಕಣಜಕ್ಕ ಹಾಕೇನಿ, ಹಂಡೇಕ್ಕ ಹಾಕೇನಿ. ನಿನ್ನ ಲಗ್ನದಾಗ ಫ್ರಿಜ್ ಬಂತು, ಅದಕ್ಕೂ ಹಾಕೇನಿ."

"ಫ್ರಿಜ್‌ನ್ಯಾಗಿಂದ ಗುಂಡ ಹಾರಸ್ತಾರೇನ ಬೇ?"

ಒಳಗಿಂದ ಕೋಮಲ ರೊಟ್ಟಿ ಬಡಿಯುತ್ತಲೇ ಹೇಳಿದಳು, "ಆ ಫ್ರಿಜ್ ಇನ್ನತನಕಾ ಕೆಟ್ಟಿಲ್ಲ ನೋಡ್ರಿ."

ಕಾಡಸಿದ್ದನಿಗೆ ನಗು ಬರುವ ಹೊತ್ತಲ್ಲ. ಹಿಡಿಕೆಯ ಭಾಗವನ್ನು ಎತ್ತಿ ನೋಡಿದ. ನಳಿಗೆಗೆ ಕೂಡುವಲ್ಲಿ ನಯವಾದ ಉಕ್ಕಿನ ಮುಖ ಇರುತ್ತದೆ. ನಡುವೆ ಒಂದು ಸಣ್ಣ ತೂತು, ಮೊಳೆ ಹೊರಗೆ ಬರುವುದು ಅದರಿಂದಲೇ. ಸಾವಿತ್ರೆವ್ವನ ಕಣ್ಣಿಗೆ ಅದು ಹಣೆಯಂತೆ ಕಂಡಿರಬೇಕು. ಸರಿಯಾಗಿ ಆ ತೂತಿನ ಮೇಲೆಯೇ ಅರಿಷಿಣ ಒತ್ತಿ ಕುಂಕುಮ ಇಟ್ಟಿದ್ದಳು.

ಒಂಬತ್ತೂಕಾಲರ ಬಸ್ಸು. ಇನ್ನು ಮೂರು ಗಂಟೆ ಇಪ್ಪತ್ತು ನಿಮಿಷ. ಬರಿಯ ಗ್ರೀಸಾಗಿದ್ದರೆ ಒಂದೂವರೆ ಗಂಟೆ ಸಾಕಿತ್ತು.

ಅವನು ಪತ್ರಿಕೆಯ ಹಾಳೆಯನ್ನು ಉಂಡೆ ಮಾಡಿ ಬಿದಿರಿನ ಕೋಲಿನಿಂದ ನಳಿಗೆಯ ಹಿಂಬದಿಯಿಂದ ಬಾಯಿಯ ಕಡೆಗೆ ನೂಕತೊಡಗಿದ. ಬಾಯಿಯಿಂದ ಹಿಂದಕ್ಕೆ ಎಂದೂ ನೂಕಬಾರದು, ಕೊಳೆ ಕಾಡತೂಸಿನ ಮನೆಗೆ ಬಂದು ಕೂರುತ್ತದೆ. ಝುಣಕದ ಹಿಟ್ಟಿನಂಥ ಹಳದಿ ಮುದ್ದೆ ನಳಿಗೆಯ ಬಾಯಲ್ಲಿ ಹೊರಬಂದಿತು. ಅವನು ಅದನ್ನು ಹಾಳೆಯಲ್ಲಿ ಹಿಡಿದು ಬಚ್ಚಲ ಕಡೆಗೆ ಎಸೆಯಲು ಕೈ ಎತ್ತಿದ.

"ಲೇ ಕಾಡ್ಯಾ!" ಸಾವಿತ್ರೆವ್ವ ಎದ್ದು ನಿಂತಳು. "ಬಚ್ಚಲಕ್ಕ ಒಗಿತಿ? ಎಂಜಲ ನೀರ ಹರಿಯೂ ಜಾಗಾಕ್ಕ ದೇವರನ್ನ ಒಗಿತಿ?"

"ಇದು ಗ್ರೀಸ ಬೇ ಯವ್ವಾ."

"ನಿನಗ ಗ್ರೀಸ. ನಾ ಹಾಕುವಾಗ ದೇವರ ಹೆಸರ ತಗೊಂಡ ಚಾಂಗಭಲೋ ಅಂದ ಹಾಕೇನಿ. ನಿನ್ನ ಕೆಲಸ ಆಗ್ಲಿ ಅಂತ ಹಾಕೇನಿ." ಕೊನೆಯ ಮಾತಿಗೆ ಅವಳ ದನಿ ಸಣ್ಣದಾಯಿತು.

ಕಾಡಸಿದ್ದನ ಬಾಯಿಗೆ ಬಂದದ್ದು ಬೇರೆ ಮಾತು: ನಿನ್ನ ಭಂಡಾರದಿಂದಲೇ ಆ ಕೆಲಸ ಹೋಗುತ್ತದೆ. ಅದನ್ನು ನುಂಗಿದ. ಅವಳ ಮೊಣಕಾಲು ಎಷ್ಟು ನೋಯುತ್ತದೆಂದು ಅವನಿಗೆ ಗೊತ್ತಿತ್ತು. ಐದು ಗಂಟೆಯ ಥಂಡಿಯಲ್ಲಿ ತಣ್ಣೀರು ಸುರಿದುಕೊಂಡು ಟ್ರಂಕಿನ ಮುಂದೆ ಕೂತೆದ್ದಿದ್ದಳು.

"ಎಲ್ಲಿ ಹಾಕ್ಲಿ ಹಂಗಾರ?"

"ಯಾರೂ ತುಳಿಲಾರದ ಜಾಗಾಕ್ಕ."

ಅವನು ಮುದ್ದೆಯನ್ನು ಹಾಳೆಯಲ್ಲಿ ಸುತ್ತಿ, ದಾರ ಕಟ್ಟಿ, ಕೊಟ್ಟಿಗೆಯ ತೊಲೆಯ ಮೇಲೆ ಏರಿಸಿಟ್ಟ. ನಾಲ್ಕು ನಿಮಿಷ ಹೋದವು. ಆಮೇಲಿನ ಪ್ರತಿ ಹಳದಿ ಚಿಂದಿಯನ್ನೂ ಸಾವಿತ್ರೆವ್ವ ತಾನೇ ಕೈಯಲ್ಲಿ ಇಸಿದುಕೊಂಡು ಬುಟ್ಟಿಯಲ್ಲಿ ಕೂಡಿಸತೊಡಗಿದಳು. ಡೀಸೆಲ್ಲಿನ ವಾಸನೆಗೆ ಮೂಗು ಮುರಿದರೂ ಒಂದನ್ನೂ ಕೆಳಗಿಡಲಿಲ್ಲ.

ಡೀಸೆಲ್ಲಿನಲ್ಲಿ ಅದ್ದಿದ ಚಿಂದಿ, ಮತ್ತೆ ಒಣ ಚಿಂದಿ. ನಳಿಗೆಯನ್ನು ಹತ್ತು ನಿಮಿಷ ನೆನೆಯಲು ಬಿಟ್ಟು, ಆ ಹೊತ್ತಿನಲ್ಲಿ ಕೋಮಲಳಿಂದ ಹೊಲಿಗೆಯ ಸೂಜಿ ಇಸಿದುಕೊಂಡು ಮೊಳೆಯ ತೂತಿನ ಕುಂಕುಮವನ್ನು ಎಳೆ ಎಳೆಯಾಗಿ ಕೆದಕಿ ತೆಗೆದ. ಕೋಮಲ ಕುದಿಯುವ ನೀರು ತಂದು ನಳಿಗೆಯೊಳಗೆ ಸುರಿದಳು. ನೀರು ಹಳದಿಯಾಗಿ ಇಳಿಯಿತು. ನಳಿಗೆ ಕೈ ಸುಡುವಷ್ಟು ಬಿಸಿಯಾದ್ದರಿಂದ ಉಳಿದ ತೇವ ತಾನೇ ಆರಿತು. ಎಂಟೂವರೆಯ ಹೊತ್ತಿಗೆ ಚಿಂದಿ ಬಿಳಿಯಾಗಿ ಬರತೊಡಗಿತು. ಕೊನೆಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ತೆಳ್ಳಗೆ ಎಳೆದ. ಬೆಳಕಿಗೆ ಹಿಡಿದಾಗ ನಳಿಗೆಯ ಒಳಗೋಡೆ ಕನ್ನಡಿಯಂತೆ ಹೊಳೆಯಿತು.

ಉಳಿದ ಚಿಂದಿ, ಎಣ್ಣೆಯ ಬಾಟಲಿ ಚೀಲಕ್ಕೆ ಹಾಕಿಕೊಂಡು ಓಡಿದ. ಬಸ್ಸು ಸಿಕ್ಕಿತು.

ಚಿಕ್ಕೋಡಿಯ ಶಾಖೆಯಲ್ಲಿ ಬೆಂಚಿನ ಮೇಲೆ ಇನ್ನೊಬ್ಬ ಅಭ್ಯರ್ಥಿ ಕೂತಿದ್ದ. ರಾಯಬಾಗ ಕಡೆಯವನು, ಮೂವತ್ತೆರಡು ವಯಸ್ಸು, ಅಪ್ಪನಿಂದ ಬಂದ ಬಂದೂಕು. ಮ್ಯಾನೇಜರ್ ಉಜ್ವಲಾ ಪಟ್ಟಿಯಲ್ಲಿನ ಹೆಸರು ನೋಡಿ ಮೊದಲು ಕಾಡಸಿದ್ದನನ್ನು ಕರೆದರು. ಬಂದೂಕು ನೋಡಲು ಮುಖ್ಯ ಕಚೇರಿಯಿಂದ ಬಂದಿದ್ದವರು ನಿಪ್ಪಾಣಿಯ ಬಾಬಾಸಾಹೇಬ. ಇಪ್ಪತ್ತೆಂಟು ವರ್ಷ ಫೌಜಿನಲ್ಲಿದ್ದ ಸುಬೇದಾರರು. ದವಡೆಯಲ್ಲಿ ತಂಬಾಕು, ಮಾತಿನಲ್ಲಿ ಅರ್ಧ ಮರಾಠಿ.

ಲೈಸೆನ್ಸಿನ ನಂಬರು ಬಂದೂಕಿನ ನಂಬರಿಗೆ ತಾಳೆಯಾಯಿತು. ಬಾಬಾಸಾಹೇಬ ಖಾಲಿ ಕಾಡತೂಸು ಹಾಕಿ ಕುದುರೆ ಎಳೆದರು; ಮೊಳೆಯ ಗುರುತು ನಟ್ಟನಡುವೆ ಆಳವಾಗಿ ಬಿದ್ದಿತು. "ಚಾಂಗಲಂ, ಚಲೋ ಐತಿ" ಎಂದರು. ಆಮೇಲೆ ತಮ್ಮ ಚೀಲದಿಂದ ಬಿಳಿ ಫ್ಲಾನಲ್ ತೆಗೆದು, ಕೋಲಿಗೆ ಬಿಗಿಯಾಗಿ ಸುತ್ತಿ, ನಳಿಗೆಯ ಹಿಂಬದಿಯಿಂದ ತಿರುವುತ್ತ ಒಳಗಿಟ್ಟು ಹೊರಗೆಳೆದರು. ಬಟ್ಟೆಯ ಅಂಚಿನಲ್ಲಿ ಉಗುರಿನಷ್ಟು ಉದ್ದದ ಹಳದಿ ಮಿಶ್ರಿತ ಕಂದು ಗೆರೆ ಇತ್ತು.

"ಜಂಗ್" ಎಂದರು ಬಾಬಾಸಾಹೇಬ. "ಶನಿವಾರ ತಂದದ್ದ ಅಂತೀರಿ. ಎರಡ ದಿನದಾಗ ಜಂಗ್? ಕೋತದಾಗ ಹದಿನೇಳ ವರ್ಷ ಇದ್ದಾಂವ ಅಂತ ಬ್ಯಾರೆ ಬರದೀರಿ."

ಹದಿನೇಳು ವರ್ಷದಲ್ಲಿ ಕಾಡಸಿದ್ದನ ಕೋತಿನಿಂದ ಜಂಗು ಹಿಡಿದ ಒಂದು ಸ್ಕ್ರೂ ಕೂಡ ಹೊರಗೆ ಬಂದಿರಲಿಲ್ಲ. ಸುಮ್ಮನಿದ್ದರೆ ಕೆಲಸ ಹೋಗುತ್ತದೆ. ನಿಜ ಹೇಳಿದರೆ ನಗುತ್ತಾರೆ, ಆಮೇಲೆ ಕೆಲಸ ಹೋದರೂ ಹೋಗಬಹುದು.

"ಜಂಗ ಅಲ್ರಿ ಸಾಹೇಬ್ರ. ಅರಿಷಿಣ."

"ಕಾಯ್?"

"ಅರಿಷಿಣ್ರಿ. ಭಂಡಾರ. ಗ್ರೀಸ ತಗಿಯೂಕಿಂತ ಮೊದ್ಲ ನಮ್ಮವ್ವ ಪೂಜಿ ಮಾಡಿ ನಳಿಗ್ಯಾಗ ಒಂದ ಮುಟಗಿ ಹಾಕಿದ್ಲು."

ಬೆಂಚಿನ ಮೇಲಿದ್ದವನು ಕೆಮ್ಮಿದಂತೆ ನಕ್ಕ. ಬಾಬಾಸಾಹೇಬ ನಗಲಿಲ್ಲ. "ನಾ ಇಪ್ಪತ್ತೆಂಟ ವರ್ಷದಾಗ ಜಂಗಿಗೆ ಬಾಳ ಬಾಳ ನೆವ ಕೇಳೇನಿ. ಮಳಿ ಅಂದಾರ, ಬೆವರ ಅಂದಾರ, ಹಿಂದಿನ ಡ್ಯೂಟಿಯಾಂವ ಅಂದಾರ. ಅವ್ವನ ಮ್ಯಾಲೆ ಹಾಕಿದಾಂವ ನೀವ ಪಹಿಲೇ."

ಕಾಡಸಿದ್ದನ ಕಣ್ಣು ಅವರ ಅಂಗಿಯ ಜೇಬಿನಿಂದ ಹೊರಗೆ ಇಣುಕುತ್ತಿದ್ದ ತಂಬಾಕಿನ ಚಂಚಿಯ ಮೇಲೆ ನಿಂತಿತ್ತು. ತಂಬಾಕು ಇದ್ದಲ್ಲಿ ಸುಣ್ಣ ಇರಲೇಬೇಕು.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಸುಣ್ಣದ ಡಬ್ಬಿ ಒಂದಿಷ್ಟ ಕೊಡ್ರಿ."

ಬಾಬಾಸಾಹೇಬ ಹುಬ್ಬು ಗಂಟಿಕ್ಕಿಕೊಂಡೇ ಡಬ್ಬಿ ಕೊಟ್ಟರು. ಕಾಡಸಿದ್ದ ಅಕ್ಕಿಕಾಳಿನಷ್ಟು ಸುಣ್ಣವನ್ನು ಬೆರಳ ತುದಿಗೆ ತೆಗೆದುಕೊಂಡು ಫ್ಲಾನಲ್ಲಿನ ಗೆರೆಯ ಮೇಲೆ ಒತ್ತಿ ಉಜ್ಜಿದ. ಎಣ್ಣೆ ಇದ್ದುದರಿಂದ ಮೊದಲು ಏನೂ ಆಗಲಿಲ್ಲ. ಬೆಂಚಿನವನು ಮುಂದಕ್ಕೆ ಬಾಗಿದ. ಕಾಡಸಿದ್ದ ಒಂದು ಹನಿ ನೀರು ಹಾಕಿ ಮತ್ತೆ ಉಜ್ಜಿದ. ಗೆರೆಯ ಒಂದು ತುದಿ ಕೆಂಪಾಯಿತು, ಆಮೇಲೆ ಇಡೀ ಗೆರೆ ಕೆಂಪಾಯಿತು.

"ಅಯ್ಯ, ಆರತಿ ನೀರ!" ಎಂದರು ಉಜ್ವಲಾ ಮೇಡಂ. ಅರಿಷಿಣದ ನೀರಿಗೆ ಸುಣ್ಣ ಕದಡಿ ಕೆಂಪು ಮಾಡಿ ದೃಷ್ಟಿ ತೆಗೆಯುವುದನ್ನು ನೋಡದ ಹೆಂಗಸು ಆ ಸೀಮೆಯಲ್ಲಿಲ್ಲ.

ಬಾಬಾಸಾಹೇಬ ಅಷ್ಟಕ್ಕೇ ಒಪ್ಪುವವರಲ್ಲ. ಎದ್ದು ಕಿಟಕಿಗೆ ಹೋಗಿ, ಫ್ಲಾನಲ್ಲಿನ ಇನ್ನೊಂದು ತುದಿಯನ್ನು ಜಂಗು ಹಿಡಿದ ಸರಳಿಗೆ ತಿಕ್ಕಿದರು. ಅದರ ಮೇಲೂ ಅಷ್ಟೇ ಸುಣ್ಣ, ಅಷ್ಟೇ ನೀರು. ಉಜ್ಜಿದರು, ಕಾದರು. ಕಂದು ಕಂದಾಗಿಯೇ ಉಳಿಯಿತು. ಎರಡು ತುದಿಗಳನ್ನೂ ಪಕ್ಕಪಕ್ಕಕ್ಕೆ ಹಿಡಿದು ಬೆಳಕಿನಲ್ಲಿ ನೋಡಿದರು.

"ಬರಂ, ಆತು. ಜಂಗ ಅಲ್ಲ." ಫ್ಲಾನಲ್ ಮಡಚಿದರು. "ಆದ್ರ ಹೊಲಸ ಐತಿ. ದೇವರದ್ದಿರಲಿ, ದೆವ್ವದ್ದಿರಲಿ, ಹೊಲಸ ಬಂದೂಕಿಗೆ ನಾ ಸಹಿ ಮಾಡೂದಿಲ್ಲ."

"ಇಪ್ಪತ್ತ ನಿಮಿಷ ಕೊಡ್ರಿ ಸಾಹೇಬ್ರ."

"ಹನ್ನೊಂದುವರಿಗೆ ಮುಂದಿನವರನ್ನ ಕರೀತೇನಿ. ಹದಿನಾಲ್ಕ ನಿಮಿಷ ಅವ."

ಕಾಡಸಿದ್ದ ನಳಿಗೆ ಬಿಚ್ಚಿಕೊಂಡು ಹಿಂದಿನ ವರಾಂಡದಲ್ಲಿ ಕೂತ. ಕಾಡತೂಸಿನ ಅಂಚು ಬಂದು ಕೂರುವಲ್ಲಿ ನಳಿಗೆಯ ಹಿಂಬಾಯಿಯೊಳಗೆ ಒಂದು ಸಣ್ಣ ಮೆಟ್ಟಿಲು ಇರುತ್ತದೆ. ಅವನು ತಪ್ಪಿದ್ದು ಅಲ್ಲಿ. ರೈಫಲ್ಲಿನ ಅಳತೆಯ ಚಿಂದಿಗಳು, ಮೂರು ಸೇರಿಸಿ ಸುತ್ತಿದರೂ, ಆ ಮೆಟ್ಟಿಲಿನ ಮೂಲೆಯನ್ನು ಮುಟ್ಟದೆ ಜಾರಿ ಹೋಗಿದ್ದವು. ಮೂಲೆಯಲ್ಲಿ ಕೂತ ಅರಿಷಿಣ ಆಮೇಲೆ ಹಾಕಿದ ಎಣ್ಣೆಗೆ ಮೆತ್ತಗಾಗಿ ಈಗ ಬಣ್ಣ ಬಿಟ್ಟಿತ್ತು. ಅರ್ಧ ತಪ್ಪು ಅವ್ವನದು, ಇನ್ನರ್ಧ ತನ್ನದು ಎಂದು ಅವನಿಗೆ ಆಗ ಅನಿಸಿತು.

ಡೀಸೆಲ್ ಇಲ್ಲ. ಹೊರಗೆ ಹೋಗಿ ತರುವಷ್ಟು ಹೊತ್ತಿಲ್ಲ. ಎದ್ದು ಬಂದು ಕೌಂಟರಿನ ಕಡೆ ನೋಡಿದ. ಕಬ್ಬಿಣದ ಸ್ಟ್ಯಾಂಡಿನಲ್ಲಿ ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಧೂಳು ಹಿಡಿದು ನಿಂತಿತ್ತು.

"ಮೇಡಮ್ಮರ, ಇದನ್ನ ತಗೊಳ್ಳಲೇನ್ರಿ?"

"ತಗೋರಿ, ತಗೋರಿ. ಮೂರ ವರ್ಷಾತು, ಅದನ್ನ ಯಾರೂ ಕೇಳಿಲ್ಲ." ಅವನ ಕಣ್ಣು ಮೇಜಿನ ಮೇಲಿನ ಪೆನ್ಸಿಲ್ಲಿಗೆ ಹೋದದ್ದನ್ನು ಕಂಡು ಕೇಳಿದರು, "ಪೆನ್ಸಿಲ್ ಬೇಕೇನ್ರಿ?"

ಪೆನ್ಸಿಲ್ಲೇ ಬೇಕಿತ್ತು. ಅದರ ತುದಿಗೆ ಒಂದೇ ಚಿಂದಿ ಸುತ್ತಿ, ಸ್ಯಾನಿಟೈಸರಿನಲ್ಲಿ ಅದ್ದಿ, ಮೆಟ್ಟಿಲಿನ ಮೂಲೆಯಲ್ಲಿ ಬಳೆಯಂತೆ ಸುತ್ತ ತಿರುವಿದ. ಅರಿಷಿಣದ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಅಷ್ಟಿಷ್ಟು ಬಿಡುತ್ತದೆ, ಸ್ಪಿರಿಟ್ಟಿಗೆ ಚೆನ್ನಾಗಿ ಬಿಡುತ್ತದೆ. ಚಿಂದಿ ಹಳದಿಯಾಗಿ ಬಂತು. ಎರಡನೆಯದು ತಿಳಿಹಳದಿ. ಐದನೆಯದು ಹಾಕಿದ ಹಾಗೆಯೇ ಬಿಳಿಯಾಗಿ ಬಂತು. ಸ್ಯಾನಿಟೈಸರಿನಲ್ಲಿ ನೀರೂ ಇರುತ್ತದೆ; ಅದಕ್ಕೇ ಒಣ ಚಿಂದಿಯಿಂದ ಎರಡು ಸಲ ಒರೆಸಿ, ಒಂದು ಹನಿ ಎಣ್ಣೆ ಎಳೆದ. ಹಳದಿ ಚಿಂದಿಗಳನ್ನು ಎಲ್ಲಿಡಬೇಕೆಂದು ಸುತ್ತ ನೋಡಿ, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಹನ್ನೊಂದು ಇಪ್ಪತ್ತೆಂಟಕ್ಕೆ ಬಾಬಾಸಾಹೇಬ ಹೊಸ ಫ್ಲಾನಲ್ ಸುತ್ತಿದರು. ಒಳಗಿಟ್ಟರು, ತಿರುವಿದರು, ಹೊರಗೆಳೆದರು. ಕನ್ನಡಕ ಹಣೆಗೇರಿಸಿ ನಾಲ್ಕೂ ಬದಿ ನೋಡಿದರು. ಆಮೇಲೆ ಕಾಗದ ಎಳೆದುಕೊಂಡು ಸಹಿ ಮಾಡಿದರು. ಸಹಿಯ ಕೆಳಗೆ ತಾರೀಖು ಬರೆಯುತ್ತ, "ನಿಮ್ಮವ್ವಗ ನನ್ನ ನಮಸ್ಕಾರ ಹೇಳ್ರಿ" ಎಂದರು. "ಬಂದೂಕಿನ ಕಡೆ ಅವರನ್ನ ಬಿಡಬ್ಯಾಡ್ರಿ."

ರಾಯಬಾಗದವನ ಬಂದೂಕನ್ನೂ ನೋಡಿದರು, ನಿಯಮ ನಿಯಮವೇ. ಹೊರಗೆ ಬಂದ ಮೇಲೆ ಅವನು ಕಾಡಸಿದ್ದನಿಗೆ ಚಹಾ ಹೇಳಿದ. "ನಿಮ್ಮದರಾಗ ಭಂಡಾರರೆ ಇತ್ರಿ ಅಣ್ಣಾರ. ನಮ್ಮಪ್ಪನ ಬಂದೂಕಿನ್ಯಾಗ ಖರೇನ ಜಂಗ ಐತಿ. ಸುಣ್ಣದ ಡಬ್ಬಿ ನೋಡೇ ನನಗ ಎದಿ ಹಾರಿತ್ತು." ಕಾಡಸಿದ್ದ ಅವನ ನಂಬರು ಬರೆದುಕೊಂಡ. ಮುಂದಿನ ವಾರ ಬಂದೂಕು ತಗೊಂಡು ಬಾ, ಹೋಗುವಷ್ಟು ಜಂಗು ತೆಗೆದುಕೊಡುತ್ತೇನೆ ಎಂದ.

ಸಂಜೆ ಮನೆಯಲ್ಲಿ ಕೆಲಸ ಸಿಕ್ಕ ಸುದ್ದಿ ಕೇಳಿದ ಸಾವಿತ್ರೆವ್ವ ಜಗಲಿಯ ಕಡೆ ತಿರುಗಿ ಕೈ ಮುಗಿದಳು. "ಭಂಡಾರ ಹಾಕಿದ್ದಕ್ಕ ಆತ ನೋಡ."

"ಹೌದ ಬೇ" ಎಂದ ಕಾಡಸಿದ್ದ. ಜೇಬಿನಿಂದ ಹಳದಿ ಚಿಂದಿಗಳನ್ನು ತೆಗೆದು ಅವಳ ಬುಟ್ಟಿಗೆ ಹಾಕಿದ. ಮಲಗುವ ಮುಂಚೆ ಅವನು ಇಡೀ ಕಥೆ ಹೇಳಿದಾಗ ಕೋಮಲ ಸೆರಗು ಬಾಯಿಗೆ ಹಿಡಿದು ನಕ್ಕಳು.

ಡಿಸೆಂಬರ್ ಹದಿನೆಂಟಕ್ಕೆ ಅವನು ಕೆಲಸಕ್ಕೆ ಸೇರಿದ. ಬಾಗಿಲ ಬಲಗಡೆ ಅವನ ಸ್ಟೂಲು. ಪೆನ್ಶನ್ನಿಗೆ ಬರುವ ಮುದುಕಿಯರು ಫಾರ್ಮು ತುಂಬಿಸಲು ಅವನನ್ನೇ ಹುಡುಕುತ್ತಾರೆ. ಡ್ಯೂಟಿಯಲ್ಲಿ ಪೆನ್ನು ಹಿಡಿಯಬಾರದೆಂದು ಅವನು ಬಾಯಲ್ಲೇ ಹೇಳಿಕೊಟ್ಟು ಬೇರೆಯವರಿಂದ ಬರೆಸುತ್ತಾನೆ. ತಿಂಗಳಿಗೊಮ್ಮೆ ಬಂದೂಕು ಬಿಚ್ಚಿ ಒರೆಸುತ್ತಾನೆ. ಈಗ ಅವನ ಚಿಂದಿಗಳು ನಾಲ್ಕು ಇಂಚು ಚೌಕ.

ಮೊದಲ ಖಂಡೆನವಮಿಗೆ ಶಾಖೆಯಲ್ಲಿ ಆಯುಧಪೂಜೆ ಇತ್ತು. ಕಂಪ್ಯೂಟರುಗಳಿಗೆ, ನೋಟು ಎಣಿಸುವ ಯಂತ್ರಕ್ಕೆ, ತಿಜೋರಿಗೆ ಕುಂಕುಮ ಇಡುತ್ತ ಉಜ್ವಲಾ ಮೇಡಂ ಕೊನೆಗೆ ಬಂದೂಕಿನ ಹತ್ತಿರ ಬಂದು, ತಟ್ಟೆ ಹಿಡಿದುಕೊಂಡು ನಿಂತರು.

"ಕಾಡಸಿದ್ದಣ್ಣಾ, ಇದಕ್ಕ ಎಲ್ಲಿ ಹಚ್ಚಲಿ?"

"ಹಿಡಿಕಿಗೆ ಎಲ್ಲಿ ಬೇಕಾದ್ರೂ ಹಚ್ರಿ ಮೇಡಮ್ಮರ. ಕಬ್ಬಿಣಕ್ಕ ಹಚ್ಚೂದಾದ್ರ, ನಳಿಗಿ ಬಾಯಿಂದ ದೂರ."

"ಎಷ್ಟ ದೂರ?"

ಸಿಬ್ಬಂದಿಯೆಲ್ಲ ನಗುತ್ತ ನಿಂತಿದ್ದರು. ಕಾಡಸಿದ್ದ ನಗಲಿಲ್ಲ. ನಳಿಗೆಯ ಬಾಯಿಗೆ ಹೆಬ್ಬೆರಳು ಹಚ್ಚಿ ಒಂದು ಗೇಣು ಅಳೆದು, ಕಿರುಬೆರಳು ಮುಟ್ಟಿದ ಜಾಗವನ್ನು ತೋರಿಸಿ ಹೇಳಿದ:

"ಒಂಬತ್ತ ಇಂಚ."